ಲೋಹಗಾಂವ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

(ಪುಣೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಒಂದು ಲೆಕ್ಕದಿಂದ ಮಾತು ಆರಂಭಿಸುತ್ತೇನೆ. ನಮ್ಮ ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಅತಿ ಹತ್ತಿರದ ದಾರಿ ಹಿಡಿದರೆ ಸುಮಾರು 13,540 ಕಿಲೋಮೀಟರ್. ಬೆಂಗಳೂರಿನ ದೇವನಹಳ್ಳಿಯಿಂದ ಅದೇ ಜಾಗಕ್ಕೆ ಸುಮಾರು 13,990. ಅಂದರೆ ಪುಣೆಯಲ್ಲಿರುವ ನಾವು ಬೆಂಗಳೂರಿನ ನಂಟರಿಗಿಂತ 450 ಕಿಲೋಮೀಟರ್‌ನಷ್ಟು ಹತ್ತಿರದಲ್ಲಿದ್ದೇವೆ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಪಿಯುಸಿ ಓದುವ ಹುಡುಗಿಯೂ ಕಾಗದದ ಮೇಲೆ ಈ ಲೆಕ್ಕ ಮಾಡಬಲ್ಲಳು.

ಈಗ ಸಮಯ ನೋಡೋಣ. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ನೇರ ವಿಮಾನ ಹಾರಿಸಿತು. ಹತ್ತಿ ಕೂತರೆ ಸುಮಾರು 17 ಗಂಟೆ ಸಾಕಿತ್ತು. ಪುಣೆಯಿಂದ ಅಂಥ ವಿಮಾನ ಒಂದು ದಿನವೂ ಹೊರಟಿಲ್ಲ. ಇಲ್ಲಿಂದ ಹೋಗುವವರು ಮುಂಬೈ, ದೆಹಲಿ, ದುಬೈ, ದೋಹಾ ಹೀಗೆ ಎಲ್ಲೋ ಒಂದು ಕಡೆ ಇಳಿದು ಹತ್ತಬೇಕು. ಒಂದು ಹಗಲು ಒಂದು ರಾತ್ರಿ ಮೀರಿದ ಪಯಣ. ಹತ್ತಿರದಲ್ಲಿರುವವರಿಗೆ ಹೆಚ್ಚು ಹೊತ್ತು, ದೂರದಲ್ಲಿರುವವರಿಗೆ ಕಡಿಮೆ ಹೊತ್ತು. ಹೀಗೇಕೆ ಎಂಬುದೇ ಇವತ್ತಿನ ಉಪನ್ಯಾಸದ ವಿಷಯ. ಊರಿನಿಂದ ಊರಿಗೆ ಇರುವ ದೂರವನ್ನು ನಾವು ಬದಲಿಸಲಾರೆವು. ಆದರೆ ಅದನ್ನು ಕ್ರಮಿಸುವ ಹೊತ್ತನ್ನು ನಿರ್ಧರಿಸುವುದರಲ್ಲಿ ಗಾಳಿಯ ಪಾಲು ಸ್ವಲ್ಪ, ಮನುಷ್ಯರ ತೀರ್ಮಾನಗಳ ಪಾಲು ಬಹಳ. ಆದ್ದರಿಂದ ಪ್ರಯಾಣದ ಸಮಯ ಸಾರ್ವಜನಿಕವಾಗಿ ಚರ್ಚೆಯಾಗಬೇಕಾದ ಸಂಗತಿ ಎಂದು ನಾನು ನಂಬಿದ್ದೇನೆ.

ಮೊದಲು ದೂರವನ್ನು ಅಳೆಯುವ ಬಗೆ. ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಪುಣೆಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಡಿಕೋಲಿಟ್ಟು ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ನಿಜವಾದ ಹತ್ತಿರದ ದಾರಿ ಅದಲ್ಲ. ಗ್ಲೋಬ್ ತೆಗೆದುಕೊಂಡು ಎರಡೂ ಊರುಗಳ ನಡುವೆ ದಾರ ಬಿಗಿದು ಹಿಡಿಯಿರಿ. ದಾರ ಉತ್ತರಕ್ಕೆ ಏರಿ, ಸೈಬೀರಿಯಾದ ಮೇಲೆ ಹಾದು, ಅಲಾಸ್ಕಾ ಬಳಸಿ ಕೆಳಗಿಳಿಯುತ್ತದೆ. ಗೋಳದ ಮೇಲೆ ಹೀಗೆ ಬೀಳುವ ಗೆರೆಗೆ ಮಹಾವೃತ್ತ ಎನ್ನುತ್ತಾರೆ.

ಗೋಳದ ಈ ಗಣಿತ ನಮ್ಮ ನೆಲಕ್ಕೆ ಹೊಸದಲ್ಲ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ತಮ್ಮ ಊರು ಸಹ್ಯಾದ್ರಿಯ ಮಗ್ಗುಲಿನ ವಿಜ್ಜಡವಿಡ ಎಂದು ಬರೆದುಕೊಂಡಿದ್ದಾರೆ. ಅದು ನಮ್ಮ ವಿಜಯಪುರ ಎಂದು ಕನ್ನಡಿಗರು, ಜಳಗಾವ್ ಜಿಲ್ಲೆಯ ಪಾಟಣದ ಆಸುಪಾಸು ಎಂದು ಮರಾಠಿ ವಿದ್ವಾಂಸರು ವಾದಿಸುತ್ತ ಬಂದಿದ್ದಾರೆ. ಪುಣೆಯ ಕನ್ನಡಿಗರಾದ ನಾವು ಆ ಜಗಳದಲ್ಲಿ ಪಕ್ಷ ಹಿಡಿಯಬೇಕಿಲ್ಲ. ಅವರು ಎರಡೂ ಕಡೆಯ ಪೂರ್ವಿಕರು. ಭೂಮಿಯ ಸುತ್ತಳತೆ 4,967 ಯೋಜನ ಎಂದು ಅವರು ಲೆಕ್ಕ ಕೊಟ್ಟರು. ಭೂಮಿ ಗುಂಡಗಿದ್ದರೆ ಚಪ್ಪಟೆಯಾಗಿ ಕಾಣುವುದೇಕೆ ಎಂಬ ಪ್ರಶ್ನೆಗೆ ಸುತ್ತಳತೆಯ ನೂರರಲ್ಲೊಂದು ಭಾಗ ಸಮತಟ್ಟಾಗಿಯೇ ತೋರುತ್ತದೆ ಎಂದು ಉತ್ತರಿಸಿದರು. ಇವತ್ತಿನ ಅಳತೆಯಲ್ಲಿ ನೂರರಲ್ಲೊಂದು ಭಾಗವೆಂದರೆ 400 ಕಿಲೋಮೀಟರ್. ಪುಣೆಯಿಂದ ಬೆಳಗಾವಿಗೆ ನೇರ ಗೆರೆಯಲ್ಲಿ 310 ಕಿಲೋಮೀಟರ್ ಆಗುತ್ತದೆ. ಅಷ್ಟಕ್ಕೆ ಅಡಿಕೋಲು ಸಾಕು. ಸ್ಯಾನ್ ಫ್ರಾನ್ಸಿಸ್ಕೊಗೆ ದಾರವೇ ಬೇಕು.

ಆದರೆ ವಿಮಾನಗಳು ದಾರದ ಗೆರೆಯನ್ನೂ ಹಾಗೆಯೇ ಹಿಡಿಯುವುದಿಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಮೊದಲ ವಿಮಾನ ನಿಮಗೆ ನೆನಪಿರಬಹುದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್, ನಾಲ್ವರೂ ಹೆಣ್ಣುಮಕ್ಕಳೇ ಕಾಕ್‌ಪಿಟ್‌ನಲ್ಲಿದ್ದರು. ಅವರು ಉತ್ತರ ಧ್ರುವದ ಮೇಲೆ ಹಾದು ಬಂದರು. ಮಹಾವೃತ್ತದ ದಾರಿ 14,000 ಕಿಲೋಮೀಟರ್ ಇದ್ದರೆ ಅವರು ಹಾರಿದ್ದು ಸುಮಾರು 16,000. ಎರಡು ಸಾವಿರ ಕಿಲೋಮೀಟರ್ ಹೆಚ್ಚು ಹಾರಿದ್ದಕ್ಕೆ ದೊಡ್ಡ ಕಾರಣ ಗಾಳಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ನೇರ ಪಶ್ಚಿಮಕ್ಕೆ ಹೊರಟರೆ ಪೆಸಿಫಿಕ್ ಮೇಲಿನ ಎದುರುಗಾಳಿ ವಿಮಾನವನ್ನು ಹಿಂದಕ್ಕೆ ತಳ್ಳುತ್ತದೆ. ಧ್ರುವದ ದಾರಿ ಉದ್ದ, ಆದರೆ ಗಾಳಿ ಅಷ್ಟು ಎದುರಾಗುವುದಿಲ್ಲ. ದೂರ ಹೆಚ್ಚಿದಾಗಲೂ ಹೊತ್ತು ಹೆಚ್ಚಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಗಾಳಿಯ ಮಾತು ಬಂದಾಗ ಪುಣೆಯಲ್ಲಿ ನಿಂತು ಹೆಮ್ಮೆಪಡದೆ ಇರಲಾಗುವುದಿಲ್ಲ. ಶಿವಾಜಿನಗರದ ಆ ಕಲ್ಲಿನ ಕಟ್ಟಡವನ್ನು ಜನ ಇಂದಿಗೂ ಸಿಮ್ಲಾ ಆಫೀಸ್ ಎನ್ನುತ್ತಾರೆ. ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂತು. 1944ರಲ್ಲಿ ದೆಹಲಿಗೆ ಹೋಗುವವರೆಗೆ ಇಡೀ ದೇಶದ ಆಕಾಶವನ್ನು ಇಲ್ಲಿಂದಲೇ ನೋಡುತ್ತಿದ್ದರು. ಇದೇ ಇಲಾಖೆಯ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ ಬಹು ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ರಭಸದ ಗಾಳಿಯ ಹೊಳೆಯನ್ನು ವಿವರಿಸಿದರು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಇನ್ನೊಂದು ಹೊಳೆ ಹರಿಯುತ್ತದೆ. ಅದರ ವೇಗ ಗಂಟೆಗೆ 200 ಕಿಲೋಮೀಟರ್ ಮೀರುವುದುಂಟು. ಯುರೋಪಿಗೆ ಹೋಗುವ ವಿಮಾನ ಇದನ್ನು ಎದುರಿಸುತ್ತ ಹೋಗುತ್ತದೆ, ಬರುವಾಗ ಬೆನ್ನಿಗೆ ಹಾಕಿಕೊಂಡು ಬರುತ್ತದೆ. ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ವ್ಯತ್ಯಾಸ ಬೀಳುವುದು ಇದರಿಂದ. ಭೂಮಿ ತಿರುಗುತ್ತಿದೆಯಲ್ಲ, ವಿಮಾನ ಮೇಲೆ ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬರಬಾರದೇಕೆ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಭೂಮಿಯ ಜೊತೆಗೆ ಅದರ ಗಾಳಿಯೂ ತಿರುಗುತ್ತದೆ, ಗಾಳಿಯೊಳಗಿರುವ ವಿಮಾನವೂ ತಿರುಗುತ್ತದೆ ಎಂದು ಹೇಳಿಕೊಡಬೇಕು.

ಆಕಾಶದ ಲೆಕ್ಕ ಇಷ್ಟು. ಇನ್ನು ನೆಲದ ಲೆಕ್ಕ. ಪುಣೆಯ ಮಟ್ಟಿಗೆ ಇದೇ ಮುಖ್ಯ.

ಲೋಹಗಾಂವ್‌ನ ರನ್‌ವೇ ಒಂದೇ ಒಂದು, ಉದ್ದ 2,535 ಮೀಟರ್. ಸಮುದ್ರ ಮಟ್ಟದಿಂದ ಎತ್ತರ 592 ಮೀಟರ್. ದೇವನಹಳ್ಳಿಯಲ್ಲಿ 4,000 ಮೀಟರಿನ ಎರಡು ರನ್‌ವೇಗಳಿವೆ. ಬೆಂಗಳೂರು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಹಾರಿದ ಆ ಬೋಯಿಂಗ್ 777 ತುಂಬ ಹೊರೆ ಹೊತ್ತಾಗ ತೂಗುವುದು 347 ಟನ್ನಿನವರೆಗೆ, ಅದರಲ್ಲಿ ಇಂಧನವೇ 145 ಟನ್ ಆಸುಪಾಸು. ಅಷ್ಟು ಭಾರ ನೆಲ ಬಿಡಬೇಕಾದರೆ ಮೂರು ಕಿಲೋಮೀಟರಿಗೂ ಮಿಕ್ಕ ಓಟ ಬೇಕು. ಎತ್ತರದ ಊರಿನಲ್ಲಿ ಗಾಳಿ ತೆಳು, ಬಿಸಿಲೇರಿದರೆ ಮತ್ತೂ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೂ ಬಲ ಕಡಿಮೆ, ಎಂಜಿನ್‌ಗೂ ಬಲ ಕಡಿಮೆ. ಬೆಂಗಳೂರು ಪುಣೆಗಿಂತ ಎತ್ತರದಲ್ಲಿದೆ. ಆದರೂ ಅಲ್ಲಿಂದ ಹಾರಲು ಆಗುವುದು ಓಡಲು ಜಾಗ ಇಟ್ಟಿದ್ದರಿಂದ. ಪುಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ಮುಟ್ಟಿದಾಗ 2,535 ಮೀಟರಿನಲ್ಲಿ ಎಷ್ಟು ಹೊರೆ ಎತ್ತಬಹುದೋ ಅಷ್ಟಕ್ಕೇ ಈ ಊರಿನ ಪ್ರಪಂಚ ಸೀಮಿತ. ಸಿಂಗಪುರ, ದುಬೈ, ಬ್ಯಾಂಕಾಕ್ ಅದರೊಳಗೆ ಬರುತ್ತವೆ. 2008ರಲ್ಲಿ ಲುಫ್ತಾನ್ಸಾ ಸುಮಾರು 6,680 ಕಿಲೋಮೀಟರ್ ದೂರದ ಫ್ರಾಂಕ್‌ಫರ್ಟ್‌ಗೆ ಇಲ್ಲಿಂದ ವಿಮಾನ ಹಾರಿಸತೊಡಗಿತು. ಅದಕ್ಕೆ ಸಣ್ಣ ವಿಮಾನ, ಅದರಲ್ಲಿ ಬಿಸಿನೆಸ್ ದರ್ಜೆಯ ಕೆಲವೇ ಆಸನಗಳು. ಚಿಂಚವಡದ ಕಾರ್ಖಾನೆಗಳ ಜರ್ಮನ್ ವ್ಯವಹಾರಕ್ಕೆ ಅದು ಒದಗಿತು. ಮಗಳನ್ನು ನೋಡಲು ಹೋಗುವ ತಾಯಿಯ ಕೈಗೆ ಎಟುಕುವ ಟಿಕೇಟು ಅದಾಗಿರಲಿಲ್ಲ, ಮತ್ತು ಆ ಸೇವೆ ಉಳಿಯಲೂ ಇಲ್ಲ.

ರನ್‌ವೇ ಗಿಡ್ಡವಾಗಿರುವುದರ ಹಿಂದೆ ಚರಿತ್ರೆ ಇದೆ. ಲೋಹಗಾಂವ್ 1939ರಲ್ಲಿ ಬ್ರಿಟಿಷರು ಮುಂಬೈನ ರಕ್ಷಣೆಗೆಂದು ಮಾಡಿದ ವಾಯುನೆಲೆ. ಇವತ್ತಿಗೂ ಅದು ವಾಯುಪಡೆಯದೇ. 2002ರಲ್ಲಿ ಸುಖೋಯ್-30 ಎಂಕೆಐ ಯುದ್ಧವಿಮಾನಗಳು ದೇಶದ ಸೇನೆಗೆ ಮೊದಲು ಸೇರಿದ್ದು ಇಲ್ಲಿಯೇ. ಅವು ಅಭ್ಯಾಸಕ್ಕೆ ಏಳುವ ಹೊತ್ತಿನಲ್ಲಿ ನಾಗರಿಕ ವಿಮಾನ ಕಾಯಬೇಕು, ಮತ್ತು ಅದು ಸರಿಯೂ ಹೌದು. 2021ರ ಅಕ್ಟೋಬರ್‌ನಲ್ಲಿ ರನ್‌ವೇಗೆ ಹೊಸ ಪದರ ಹಾಕಲು 14 ದಿನ ಇಡೀ ನಿಲ್ದಾಣ ಮುಚ್ಚಿದಾಗ, ಒಂದೇ ರನ್‌ವೇ ಇರುವ ಊರು ಎಂದರೇನು ಎಂಬುದು ನಮಗೆಲ್ಲ ತಿಳಿಯಿತು. 2024ರ ಜುಲೈಯಿಂದ ಹೊಸ ಟರ್ಮಿನಲ್ ಬಳಕೆಗೆ ಬಂದಿದೆ. ಚಂದವಾಗಿದೆ, ವಿಶಾಲವಾಗಿದೆ. ಆದರೆ ವಿಮಾನ ಓಡುವುದು ಟರ್ಮಿನಲ್‌ನಲ್ಲಲ್ಲ. ಕಟ್ಟಡಕ್ಕೆ ಸಿಕ್ಕ ಗಮನದ ಅರ್ಧದಷ್ಟಾದರೂ ರನ್‌ವೇ ಉದ್ದದ ಪ್ರಶ್ನೆಗೆ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಮಾತು, ಗಡಿಗಳದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಟಪಾಲು ಹೊತ್ತು ಅಹಮದಾಬಾದ್ ಮಾರ್ಗವಾಗಿ ಮುಂಬೈನ ಜುಹುವಿಗೆ ಬಂದರು. ಅಹಮದಾಬಾದಿನಲ್ಲಿ ಇಂಧನದ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದಿದ್ದವು. ಮುಂಬೈನಿಂದ ಮುಂದಕ್ಕೆ ಪೈಲಟ್ ನೆವಿಲ್ ವಿನ್ಸೆಂಟ್ ಆ ಟಪಾಲನ್ನು ಮದರಾಸಿಗೆ ಒಯ್ದರು. ನಡುವಿನ ನಿಲ್ದಾಣ ನಮ್ಮ ಬಳ್ಳಾರಿ. ಮುಂಬೈ ಬಳ್ಳಾರಿ ನಡುವೆ ನೇರ ಗೆರೆ ಎಳೆದರೆ ಅದು ಪುಣೆಯ ತುಸು ದಕ್ಷಿಣಕ್ಕೆ ಹಾಯುತ್ತದೆ. ಭಾರತದ ಮೊದಲ ವಿಮಾನಯಾನ ಸಂಸ್ಥೆಯ ಮೊದಲ ದಾರಿ ಹೀಗೆ ಕನ್ನಡದ ಊರೊಂದನ್ನು ಮುಟ್ಟಿ ಹೋಯಿತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳಬೇಕಾಗಿತ್ತು.

ಆ ದಾರಿ ಹೊರಟ ಕರಾಚಿಯ ಆಕಾಶ ಈಗ ನಮಗೆ ಮುಚ್ಚಿದೆ. 1971ರ ಫೆಬ್ರುವರಿಯಲ್ಲಿ ಭಾರತ ತನ್ನ ಮೇಲೆ ಪಾಕಿಸ್ತಾನದ ವಿಮಾನಗಳು ಹಾರದಂತೆ ತಡೆದಾಗ ಕರಾಚಿಯಿಂದ ಢಾಕಾಕ್ಕೆ ಹೋಗುವವರು ಕೊಲಂಬೊ ಸುತ್ತಿ ಹೋಗಬೇಕಾಯಿತು. 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ತಿಂಗಳುಗಟ್ಟಲೆ ಪಾಕಿಸ್ತಾನದ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಹತ್ಯಾಕಾಂಡದ ಬೆನ್ನಿಗೆ ಮತ್ತೆ ಮುಚ್ಚಿತು, ಭಾರತವೂ ತನ್ನದನ್ನು ಮುಚ್ಚಿತು. ದೆಹಲಿಯಿಂದ ಯುರೋಪ್, ಅಮೆರಿಕಗಳಿಗೆ ಹೋಗುವ ನಮ್ಮ ವಿಮಾನಗಳು ಅರಬ್ಬೀ ಸಮುದ್ರದ ಕಡೆ ಇಳಿದು ಸುತ್ತು ಹಾಕತೊಡಗಿದವು. ದೇಶದ ರಕ್ಷಣೆಯ ಪ್ರಶ್ನೆ ಬಂದಾಗ ಆ ಹೆಚ್ಚಿನ ಹೊತ್ತನ್ನು ನಾವು ತಾಳಿಕೊಳ್ಳುತ್ತೇವೆ. ಆದರೆ ಊರುಗಳ ನಡುವಿನ ಹೊತ್ತು ಎಷ್ಟರ ಮಟ್ಟಿಗೆ ರಾಜಕಾರಣದ ಕೈಯಲ್ಲಿದೆ ಎಂಬುದನ್ನು ಮರೆಯಬಾರದು.

ಇಷ್ಟು ಹೇಳಿ ಹತ್ತಿರದ ಪಯಣಕ್ಕೆ ಬರುತ್ತೇನೆ. ಈ ಸಭೆಯಲ್ಲಿರುವ ಹೆಚ್ಚಿನವರು ಮತ್ತೆ ಮತ್ತೆ ಮಾಡುವ ಪಯಣ ಪುಣೆಯಿಂದ ಬೆಂಗಳೂರಿಗೆ. ವಿಮಾನದ ಗೆರೆಯಲ್ಲಿ 720 ಕಿಲೋಮೀಟರ್, ಹೆದ್ದಾರಿಯಲ್ಲಿ 840ರ ಆಸುಪಾಸು. ಉದ್ಯಾನ್ ಎಕ್ಸ್‌ಪ್ರೆಸ್ ಸೊಲ್ಲಾಪುರ, ಕಲಬುರಗಿ, ವಾಡಿ, ಗುಂತಕಲ್ ಬಳಸಿ ಸುಮಾರು 20 ಗಂಟೆ ತೆಗೆದುಕೊಳ್ಳುತ್ತದೆ. ವಿಮಾನ ಗಾಳಿಯಲ್ಲಿರುವುದು ಒಂದು ಗಂಟೆ ಐದು ಹತ್ತು ನಿಮಿಷ. ಟಿಕೇಟಿನ ಮೇಲೆ ಒಂದೂವರೆ ಗಂಟೆ ಎಂದೋ ಇನ್ನೂ ತುಸು ಹೆಚ್ಚೆಂದೋ ಬರೆದಿರುತ್ತದೆ. ಚಕ್ರಕ್ಕೆ ಕೊಟ್ಟ ಅಡ್ಡಕಟ್ಟೆ ತೆಗೆದಲ್ಲಿಂದ, ಇಳಿದ ಮೇಲೆ ಮತ್ತೆ ಅಡ್ಡಕಟ್ಟೆ ಕೊಡುವವರೆಗಿನ ಹೊತ್ತು ಅದು. ರನ್‌ವೇಗೆ ಸರದಿ ಕಾಯುವುದು, ಇಳಿದು ನಿಲುಗಡೆಗೆ ತೆವಳುವುದು ಎಲ್ಲ ಅದರಲ್ಲಿ ಸೇರಿದೆ. ಕೊಥ್ರೂಡ್‌ನಿಂದ ಲೋಹಗಾಂವ್‌ಗೆ ಸಂಜೆ ಹೋಗುವ ಒಂದೂವರೆ ಗಂಟೆ ಅದರಲ್ಲಿಲ್ಲ. ದೇವನಹಳ್ಳಿಯಿಂದ ಜಯನಗರಕ್ಕೆ ಹೋಗುವ ಎರಡು ಗಂಟೆಯೂ ಇಲ್ಲ.

ಇಲ್ಲೊಂದು ಸಂಗತಿ ನನ್ನನ್ನು ಬಹುಕಾಲ ಯೋಚನೆಗೆ ಹಚ್ಚಿದೆ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಾಗರಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಹೋದವು. ಎಚ್‌ಎಎಲ್ ಪುಣೆಯಿಂದ 740 ಕಿಲೋಮೀಟರ್ ಇತ್ತು, ದೇವನಹಳ್ಳಿ 720. ಆಕಾಶದಲ್ಲಿ ಪುಣೆ ಬೆಂಗಳೂರಿಗೆ 20 ಕಿಲೋಮೀಟರ್ ಹತ್ತಿರವಾಯಿತು. ಆದರೆ ದಕ್ಷಿಣ ಬೆಂಗಳೂರಿನಲ್ಲಿ ಮನೆಯಿರುವವರಿಗೆ ನೆಲದ ಮೇಲೆ ಒಂದು ಗಂಟೆ ಹೆಚ್ಚಾಯಿತು. ದೊಡ್ಡ ನಿಲ್ದಾಣ ಬೇಕಿತ್ತು, ಅದು ಇಲ್ಲದಿದ್ದರೆ ಸ್ಯಾನ್ ಫ್ರಾನ್ಸಿಸ್ಕೊ ವಿಮಾನದ ಮಾತೇ ಇರುತ್ತಿರಲಿಲ್ಲ. ಆದರೆ ನಿಲ್ದಾಣ ತೆರೆದ ದಿನವೇ ಅದಕ್ಕೆ ರೈಲು ಇರಬೇಕಿತ್ತು. ಮೆಟ್ರೊ ಕಾಮಗಾರಿ ಎಷ್ಟೋ ವರ್ಷಗಳ ನಂತರ ಶುರುವಾಯಿತು.

ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ವಿಮಾನವನ್ನು ಎಲ್ಲರಿಗಿಂತ ಹೆಚ್ಚು ಬಳಸಿದವರು ಯಾರೆಂದು ಕೇಳಿದರೆ ನನಗೆ ನೆನಪಾಗುವುದು ಪಂಡಿತ ಭೀಮಸೇನ ಜೋಶಿಯವರು. ಗದಗದ ಹುಡುಗ ಸಂಗೀತ ಹುಡುಕಿಕೊಂಡು ಮನೆಬಿಟ್ಟು ಹೋದಾಗ ಟಿಕೇಟಿಲ್ಲದೆ ರೈಲು ಹತ್ತಿದ್ದ. ದೇಶದ ತುದಿಯಿಂದ ತುದಿಗೆ ಕಛೇರಿಗೆಂದು ಹಾರುವ ಕಾಲ ಬಂದಾಗ ಮರಾಠಿ ಲೇಖಕ ಪು.ಲ. ದೇಶಪಾಂಡೆಯವರು ಅವರನ್ನು ಪ್ರೀತಿಯಿಂದ ಹವಾಯಿ ಗಂಧರ್ವ ಎಂದರು. ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ಈ ಊರಿನಲ್ಲಿ ನಡೆದು ಬಂದ ಉತ್ಸವಕ್ಕೆ ದೇಶದ ಮೂಲೆಮೂಲೆಗಳಿಂದ ಕಲಾವಿದರು ಬಂದುಹೋಗುವಂತಾದದ್ದರಲ್ಲಿ ವಿಮಾನಕ್ಕೂ ಪಾಲಿದೆ.

ಜೋಶಿಯವರಂತೆ ಪಯಣವನ್ನು ಹಗುರಾಗಿ ತೆಗೆದುಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಮಗಳ ಬಾಣಂತನಕ್ಕೆಂದು ಅಂಟಿನ ಉಂಡೆ, ಮೆಂತ್ಯದ ಹಿಟ್ಟು ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಡುವ ತಾಯಂದಿರನ್ನು ನಾವು ನೀವೆಲ್ಲ ಕಂಡಿದ್ದೇವೆ. ಮುಂಬೈ ವಿಮಾನ ನಿಲ್ದಾಣ ಲೋಹಗಾಂವ್‌ನಿಂದ ನೇರ ಗೆರೆಯಲ್ಲಿ ಸುಮಾರು 125 ಕಿಲೋಮೀಟರ್ ಅಷ್ಟೇ. 2002ರಲ್ಲಿ ಎಕ್ಸ್‌ಪ್ರೆಸ್‌ವೇ ಪೂರ್ತಿಯಾದ ಮೇಲೆ ದಾರಿ ಸುಗಮವಾಗಿದೆ ನಿಜ. ಆದರೂ ಖಂಡಾಲಾ ಘಾಟಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಏನಾಗುತ್ತದೆಂದು ಹೆದರಿ ಜನ ವಿಮಾನಕ್ಕೆ ಎಂಟು ಗಂಟೆ ಮುಂಚೆಯೇ ಮನೆ ಬಿಡುತ್ತಾರೆ. ಅಲ್ಲಿಂದ ಇನ್ನೊಂದು ದೇಶದ ನಿಲ್ದಾಣ. ಅಲ್ಲಿ ಗೇಟು ಯಾವುದು, ಯಾರನ್ನು ಕೇಳುವುದು, ಯಾವ ಭಾಷೆಯಲ್ಲಿ ಕೇಳುವುದು. ಮಂಡಿನೋವಿಗಷ್ಟೇ ಅಲ್ಲದೆ ದಾರಿ ತಪ್ಪದಿರಲೆಂದೂ ಎಷ್ಟೋ ಜನ ಗಾಲಿಕುರ್ಚಿ ಕೇಳುತ್ತಾರೆ. ಅದಕ್ಕಾಗಿ ಅವರನ್ನು ಯಾರೂ ಹಗುರಾಗಿ ಕಾಣಬಾರದು. ಬೆಂಗಳೂರಿನ ನೇರ ವಿಮಾನದ ದೊಡ್ಡ ಉಪಕಾರ ಇದು: ಮಧ್ಯಾಹ್ನ ಹತ್ತಿ ಕೂತ ತಾಯಿ ಅಲ್ಲಿನ ಗಡಿಯಾರದ ಪ್ರಕಾರ ಅದೇ ದಿನ ಸಂಜೆ ಇಳಿಯುತ್ತಿದ್ದಳು, ನಡುವೆ ಎಲ್ಲೂ ಯಾರನ್ನೂ ಏನನ್ನೂ ಕೇಳಬೇಕಿರಲಿಲ್ಲ.

ಸಾವಿನ ಹೊತ್ತಿಗಂತೂ ಈ ಲೆಕ್ಕ ಕಠೋರವಾಗುತ್ತದೆ. ಇಲ್ಲಿ ತಂದೆ ತೀರಿಕೊಂಡ ಸುದ್ದಿ ಅಲ್ಲಿನ ಮಗನಿಗೆ ಒಂದು ಕ್ಷಣದಲ್ಲಿ ಮುಟ್ಟುತ್ತದೆ. ಮಗ ಮುಟ್ಟಲು ಒಂದೂವರೆ ದಿನ ಬೇಕು, ಟಿಕೇಟು ಸಿಗದಿದ್ದರೆ ಎರಡು ದಿನ. ದೇಹವನ್ನು ಶೀತಪೆಟ್ಟಿಗೆಯಲ್ಲಿಟ್ಟು ಕಾಯುವುದೋ, ವೈಕುಂಠ ಸ್ಮಶಾನಕ್ಕೆ ಒಯ್ದು ತಮ್ಮನ ಕೈಯಲ್ಲಿ ಕೊಳ್ಳಿ ಇಡಿಸುವುದೋ ಎಂಬ ಪ್ರಶ್ನೆಯನ್ನು ಅಳುವ ಮನೆಯ ಮುಂದೆ ಇಡುವುದು ಗಡಿಯಾರ. ಆರು ಗಂಟೆ ಕಡಿಮೆಯಾಗಿದ್ದರೆ ಎಷ್ಟೋ ಮಕ್ಕಳು ತಂದೆಯ ಮುಖ ನೋಡುತ್ತಿದ್ದರು. ಪ್ರಯಾಣದ ಹೊತ್ತು ಬರಿಯ ವ್ಯಾಪಾರಸ್ಥರ ಅನುಕೂಲದ ಮಾತಲ್ಲ ಎಂದು ನಾನು ಹೇಳುವುದು ಇದಕ್ಕಾಗಿ.

ಹಾಗಾದರೆ ಮುಂದೇನು? ನವಿ ಮುಂಬೈ ನಿಲ್ದಾಣ 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ ಡಿಸೆಂಬರ್‌ನಿಂದ ವಿಮಾನಗಳು ಹಾರುತ್ತಿವೆ. ಘಾಟಿಳಿದ ಮೇಲೆ ಮುಂಬೈ ಪೇಟೆಯೊಳಗೆ ಹೊಕ್ಕುವ ಕಷ್ಟ ಅದರಿಂದ ಪುಣೆಯವರಿಗೆ ತಪ್ಪುತ್ತದೆ. ದೂರದ ದೇಶಗಳಿಗೆ ಅಲ್ಲಿಂದ ನೇರ ವಿಮಾನಗಳು ಬಂದಂತೆ ನಮ್ಮ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಲೋಹಗಾಂವ್ ರನ್‌ವೇ ಉದ್ದ ಮಾಡುವ ವಿಚಾರವೂ ಚರ್ಚೆಯಲ್ಲಿದೆ.

ದೊಡ್ಡ ಯೋಜನೆ ಎಂದರೆ ಪುರಂದರದ ಹೊಸ ವಿಮಾನ ನಿಲ್ದಾಣ. ಸಾಸವಡದ ಬಳಿ ವನಪುರಿ, ಉದಾಚಿವಾಡಿ, ಕುಂಭಾರವಳಣ, ಏಖತಪುರ, ಮುಂಜವಡಿ, ಖಾನವಡಿ, ಪಾರಗಾಂವ್ ಎಂಬ ಏಳು ಹಳ್ಳಿಗಳ ನೆಲ ಅದಕ್ಕೆ ಬೇಕು. ಅಂಜೂರ, ಸೀತಾಫಲ ಬೆಳೆಯುವ ತಾಲೂಕು ಅದು; ಅಲ್ಲಿನ ರೈತರು ವರ್ಷಗಳಿಂದ ಪ್ರತಿಭಟಿಸುತ್ತಿದ್ದಾರೆ. ನೇರ ವಿಮಾನ ಬೇಕೆನ್ನುವ ನಾವು ಅವರ ಎದುರು ಕೂತು ಉತ್ತರ ಹೇಳಬೇಕಾದವರು. ನಮ್ಮ ಹತ್ತು ಗಂಟೆ ಉಳಿಸಲು ಅವರು ತಲೆಮಾರುಗಳ ತೋಟ ಬಿಡುತ್ತಾರೆ. ಪರಿಹಾರದ ಹಣ ಮಾತ್ರವಲ್ಲ, ಬದಲಿ ನೆಲ, ನಿಲ್ದಾಣದಲ್ಲಿ ಅವರ ಮಕ್ಕಳಿಗೆ ಕೆಲಸ ಇವೆಲ್ಲ ಬರಹದಲ್ಲಿ ಸಿಗುವವರೆಗೆ ಒಂದು ಗುದ್ದಲಿಯೂ ಬೀಳಬಾರದು.

ಇಷ್ಟರ ಮೇಲೂ ಅಲ್ಲಿ ನಿಲ್ದಾಣ ಆಗುವುದೇ ಆದರೆ, ದೇವನಹಳ್ಳಿಯಲ್ಲಿ ಆದಂತೆ ಆಗದಿರಲಿ. ಪುಣೆಯಿಂದ ಮಿರಜಿಗೆ ಹೋಗುವ ರೈಲು ಹಳಿ ಶಿಂದವಣೆ ಘಾಟು ಏರಿ ಅಂಬಳೆ, ರಾಜೇವಾಡಿ, ಜೇಜುರಿಗಳ ಮೇಲೆ ಆ ಹಳ್ಳಿಗಳ ಸಮೀಪವೇ ಹಾದು ಹೋಗುತ್ತದೆ. ಹುಬ್ಬಳ್ಳಿ, ಬೆಳಗಾವಿಗಳಿಂದ ನಮ್ಮ ಅಜ್ಜಂದಿರು ಪುಣೆಗೆ ಬಂದದ್ದು ಈ ದಾರಿಯಲ್ಲೇ. 2024ರ ಸೆಪ್ಟೆಂಬರ್‌ನಿಂದ ಪುಣೆ ಹುಬ್ಬಳ್ಳಿ ನಡುವಿನ 558 ಕಿಲೋಮೀಟರನ್ನು ಎಂಟೂವರೆ ಗಂಟೆಯಲ್ಲಿ ಮುಗಿಸುವ ವಂದೇ ಭಾರತ್ ಓಡುವುದೂ ಇದರ ಮೇಲೆಯೇ. ಈ ಹಳಿಯಿಂದ ಟರ್ಮಿನಲ್‌ವರೆಗೆ ಒಂದು ಕವಲು ತೆಗೆದರೆ ಪುಣೆಯವರು ರೈಲಿನಲ್ಲಿ ನಿಲ್ದಾಣ ಸೇರಬಹುದು. ಮಿರಜ್, ಬೆಳಗಾವಿ, ಧಾರವಾಡದ ಜನ ಪುಣೆ ಪೇಟೆಯ ದಟ್ಟಣೆಗೆ ಸಿಕ್ಕದೆ ನೇರವಾಗಿ ವಿಮಾನ ಹತ್ತಬಹುದು. ರೈಲ್ವೆ ಇಲಾಖೆಗೂ ಮಹಾರಾಷ್ಟ್ರ ಸರ್ಕಾರಕ್ಕೂ ಈ ಬೇಡಿಕೆಯನ್ನು ಪುಣೆಯ ಕನ್ನಡ ಸಂಸ್ಥೆಗಳು, ಬೆಳಗಾವಿ ಹುಬ್ಬಳ್ಳಿಗಳ ವಾಣಿಜ್ಯ ಸಂಘಗಳು, ಪುರಂದರದ ಗ್ರಾಮಪಂಚಾಯಿತಿಗಳು ಸೇರಿ ಬರೆಯಬೇಕು. ಮೊದಲ ಪತ್ರದ ಕರಡನ್ನು ಮರಾಠಿಯಲ್ಲೂ ಕನ್ನಡದಲ್ಲೂ ಮಾಡಿ ತಂದಿದ್ದೇನೆ. ಸಭೆ ಮುಗಿದ ಮೇಲೆ ಅದು ಅಧ್ಯಕ್ಷರ ಮೇಜಿನ ಮೇಲಿರುತ್ತದೆ. ಓದಿ, ತಿದ್ದಿ, ಒಪ್ಪಿಗೆಯಾದರೆ ಸಹಿ ಮಾಡಿ.